ಕೊಡಲಿ ಕೊಟ್ಟು ಬ್ಯಾಡ ಅಂದರೆ ಕೇಳುವವರು ಯಾರು?

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಓದುವ ನಮ್ಮಂಥವರಿಗೆ ಅಣಕು ಸಂದರ್ಶನ ಎಂದರೆ ನಿಜವಾದ ಸಂದರ್ಶನಕ್ಕಿಂತ ಹೆಚ್ಚಿನ ಭಯ. ಅಂಥ ಒಂದರಲ್ಲಿ ನನಗೆ ಬಂದ ಪ್ರಶ್ನೆ ಇದು: ‘ನಿನ್ನ ಮಿತ್ರ ರಾಷ್ಟ್ರವೊಂದು ಇನ್ನೊಂದು ನೆಲದ ಮೇಲೆ ಸೇನೆ ನುಗ್ಗಿಸಲು ಹೊರಟಿದೆ. ನಿನಗೆ ಅದು ತಪ್ಪು ಅನಿಸುತ್ತದೆ. ಏನು ಮಾಡುತ್ತೀ?’ ನಾನು ತಡಮಾಡದೆ ‘ಸಂವಾದ ಮತ್ತು ರಾಜತಾಂತ್ರಿಕ ಮಾರ್ಗ ಸರ್’ ಅಂದೆ. ಎದುರಿಗಿದ್ದ ಹಿರಿಯರು ‘ಸರಿ, ಅಂದರೆ ಏನು? ಫೋನ್ ಹಚ್ಚಿ ಏನು ಹೇಳುತ್ತೀ?’ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಗೈಡುಗಳಲ್ಲಿ ಆ ಎರಡು ಶಬ್ದಗಳ ಮುಂದೆ ಪೂರ್ಣವಿರಾಮ ಇರುತ್ತದೆ. ನನ್ನ ತಲೆಯಲ್ಲೂ ಅಷ್ಟೇ ಇತ್ತು.

ಮರುದಿನದಿಂದ ಅದೇ ಪ್ರಶ್ನೆ ಹಿಡಿದು ಓದತೊಡಗಿದೆ. ಮೊದಲು ಸಿಕ್ಕಿದ್ದು ರಫಾ. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು, 250ರಷ್ಟು ಜನರನ್ನು ಒತ್ತೆಯಾಗಿ ಒಯ್ದರು. ಆಮೇಲಿನ ಯುದ್ಧದಲ್ಲಿ ಗಾಜಾದ ಜನ ಉತ್ತರದಿಂದ ದಕ್ಷಿಣಕ್ಕೆ ತಳ್ಳಿಸಿಕೊಂಡು ಬಂದು ಕೊನೆಗೆ ಈಜಿಪ್ಟ್ ಗಡಿಯ ರಫಾ ಎಂಬ ಊರಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಡೇರೆಗಳಲ್ಲಿ ಕೂತಿದ್ದರು. 2024ರ ಬೇಸಿಗೆಯಲ್ಲಿ ಇಸ್ರೇಲ್ ಅಲ್ಲಿಗೂ ಭೂಸೇನೆ ಕಳಿಸುತ್ತೇವೆ ಅಂದಿತು. ಅದರ ಅತಿ ದೊಡ್ಡ ಮಿತ್ರ ಅಮೆರಿಕ, ‘ಜನರನ್ನು ಕಾಪಾಡುವ ನಂಬಲರ್ಹ ಯೋಜನೆ ಇಲ್ಲದೆ ಹೋಗಬೇಡಿ’ ಎಂದು ತಿಂಗಳುಗಟ್ಟಲೆ ಹೇಳಿತು. ಮೇ ತಿಂಗಳಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ 2,000 ಪೌಂಡ್ ತೂಕದ 1,800 ಬಾಂಬ್ ಮತ್ತು 500 ಪೌಂಡಿನ 1,700 ಬಾಂಬ್ ಇದ್ದ ಒಂದು ಸಾಗಣೆಯನ್ನು ತಡೆಹಿಡಿಯಿತು. ಅಧ್ಯಕ್ಷ ಬೈಡನ್ ಟಿ.ವಿ.ಯಲ್ಲೇ ಎಚ್ಚರಿಕೆ ಕೊಟ್ಟರು.

ಅಷ್ಟೊತ್ತಿಗಾಗಲೇ ಇಸ್ರೇಲಿ ಟ್ಯಾಂಕುಗಳು ರಫಾದ ಗಡಿದಾಟು ಹಿಡಿದಿದ್ದವು, ಮೇ 7ರಂದೇ. ಮೇ 24ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಕಾರ್ಯಾಚರಣೆ ನಿಲ್ಲಿಸಲು ಆದೇಶ ಕೊಟ್ಟಿತು. ಅದೂ ನಿಲ್ಲಲಿಲ್ಲ. ಡೇರೆ ಹಾಕಿಕೊಂಡಿದ್ದ ಜನ ಮತ್ತೆ ಗಂಟುಮೂಟೆ ಕಟ್ಟಿದರು. ಜುಲೈನಲ್ಲಿ 500 ಪೌಂಡಿನ ಬಾಂಬುಗಳನ್ನು ಬಿಡುಗಡೆ ಮಾಡಲು ಅಮೆರಿಕ ಒಪ್ಪಿತು. ಇದನ್ನು ಓದುವಾಗ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು ದಿನಾಂಕ. ಸಾಗಣೆ ತಡೆಯುವುದಕ್ಕೆ ಕೆಲವೇ ದಿನ ಮೊದಲು, ಏಪ್ರಿಲ್ 24ರಂದು, ಅದೇ ಬೈಡನ್ ಇಸ್ರೇಲಿಗೆ ಶತಕೋಟಿಗಟ್ಟಲೆ ಡಾಲರ್ ಸೇನಾ ನೆರವು ಕೊಡುವ ಕಾಯ್ದೆಗೆ ಸಹಿ ಹಾಕಿದ್ದರು.

ಊರಿಗೆ ಹೋದಾಗ ಈ ಕತೆಯನ್ನು ಅಜ್ಜಿಗೆ ಹೇಳಿದೆ. ಆಕೆ ಹಪ್ಪಳ ಒಣಗಿಸುತ್ತಿದ್ದಳು. ತಲೆ ಎತ್ತದೆ, ‘ಕೊಡ್ಲಿ ಕೈಯಾಗ ಕೊಟ್ಟು ಬ್ಯಾಡೋ ಅಂದ್ರ ಯಾವಂವ ಕೇಳ್ತಾನ?’ ಅಂದಳು. ನಾನು ಎರಡು ವಾರ ಓದಿದ್ದು ಒಂದು ಮಾತಿನಲ್ಲಿ ಮುಗಿಯಿತು.

ಅಣ್ಣಿಗೇರಿ ಪಂಪನ ತಾಯಿಯ ತವರಿನ ಊರು. ಕುಮಾರವ್ಯಾಸನ ಕೋಳಿವಾಡವೂ ದೂರವಿಲ್ಲ. ಮಹಾಭಾರತದ ಕತೆ ನಮ್ಮ ಭಾಗದಲ್ಲಿ ಓದದವರಿಗೂ ಗೊತ್ತು. ಯುದ್ಧ ಬೇಡ ಎಂದು ದುರ್ಯೋಧನನಿಗೆ ಹೇಳಿದವರು ಒಬ್ಬಿಬ್ಬರಲ್ಲ. ಭೀಷ್ಮ ಹೇಳಿದ, ದ್ರೋಣ ಹೇಳಿದ, ಗಾಂಧಾರಿ ಹೇಳಿದಳು. ಆದರೆ ದುರ್ಯೋಧನನಿಗೆ ಒಂದು ವಿಷಯ ಖಾತ್ರಿ ಇತ್ತು: ಇವರು ಎಷ್ಟೇ ಬೈದರೂ ಬೆಳಗಾದರೆ ನನ್ನ ಕಡೆಯೇ ರಥ ಏರುತ್ತಾರೆ. ಹಾಗೆಯೇ ಆಯಿತು, ಬೇಡ ಅಂದ ಭೀಷ್ಮನೇ ಮೊದಲ ಸೇನಾಪತಿ. ಆ ಸಭೆಯಲ್ಲಿ ಏನನ್ನಾದರೂ ಹಿಂತೆಗೆದುಕೊಂಡವನು ವಿದುರ ಒಬ್ಬನೇ, ಅವನು ಬಿಲ್ಲು ಮುರಿದ. ನಾವು ವಿದುರನನ್ನು ನೀತಿ ಹೇಳಿದವನು ಎಂದು ನೆನೆಯುತ್ತೇವೆ. ನನಗೆ ಈಗ ಅವನು ಬಿಲ್ಲು ಮುರಿದದ್ದೇ ದೊಡ್ಡ ನೀತಿ ಅನಿಸುತ್ತದೆ.

ಹಿಂತೆಗೆದುಕೊಂಡರೆ ಕೆಲಸ ಆಗುತ್ತದೆ ಎನ್ನುವುದಕ್ಕೆ ಸೂಯೆಜ್ ಸಾಕ್ಷಿ. 1956ರಲ್ಲಿ ಈಜಿಪ್ಟಿನ ಮೇಲೆ ಬಲಪ್ರಯೋಗ ಬೇಡ ಎಂದು ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಬ್ರಿಟನ್ನಿನ ಪ್ರಧಾನಿ ಈಡನ್‌ಗೆ ಪತ್ರದ ಮೇಲೆ ಪತ್ರ ಬರೆದರು. ಈಡನ್ ಕೇಳಲಿಲ್ಲ, ಫ್ರಾನ್ಸ್ ಮತ್ತು ಇಸ್ರೇಲ್ ಜೊತೆ ಸೇರಿ ದಾಳಿ ಮಾಡಿಯೇ ಬಿಟ್ಟರು. ಆಗ ಐಸೆನ್‌ಹೋವರ್ ಪತ್ರ ಬಿಟ್ಟು ಹಣಕ್ಕೆ ಕೈ ಹಾಕಿದರು. ಪೌಂಡ್ ಕುಸಿಯುತ್ತಿತ್ತು, ಕದನವಿರಾಮ ಆಗುವವರೆಗೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲಕ್ಕೆ ಅಮೆರಿಕ ಬೆಂಬಲ ಕೊಡಲಿಲ್ಲ. ನವೆಂಬರ್ 5ರಂದು ಪ್ಯಾರಾಚೂಟಿನಲ್ಲಿ ಇಳಿದ ಬ್ರಿಟಿಷ್ ಸೇನೆ 6ರಂದು ನಿಂತಿತು, ಡಿಸೆಂಬರ್ ಮುಗಿಯುವ ಮೊದಲು ವಾಪಸಾಯಿತು. ಆಮೇಲೆ ಅಲ್ಲಿಗೆ ಹೋದ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಭಾರತದ ಸೈನಿಕರಿದ್ದರು, 1967ರವರೆಗೆ ಗಾಜಾದಲ್ಲೇ. ಆ ನೆಲ ನಮಗೆ ನಾವು ಅಂದುಕೊಂಡಷ್ಟು ದೂರದ್ದಲ್ಲ.

ಇಲ್ಲಿಗೇ ಬರೆಯುವುದನ್ನು ನಿಲ್ಲಿಸಿದ್ದರೆ ನನ್ನ ಉತ್ತರ ಸಿದ್ಧವಾಗಿತ್ತು: ‘ಸರ್, ಬರೀ ಬುದ್ಧಿ ಹೇಳಬಾರದು, ಕೊಡುವುದನ್ನು ನಿಲ್ಲಿಸಬೇಕು.’ ಆದರೆ ಅಜ್ಜಿ ಹಪ್ಪಳದ ತಟ್ಟೆ ಎತ್ತುತ್ತಾ ಮತ್ತೊಂದು ಮಾತು ಅಂದಳು: ‘ಹಂಗಂತ ತಡಕೊಂತ ಕುಂತ್ರ ನಾವ್ ಉಳೀತಿದ್ದಿಲ್ಲ.’ ಆಕೆ ಹೇಳಿದ್ದು ರಫಾದ ಬಗ್ಗೆ ಅಲ್ಲ, 1948ರ ಬಗ್ಗೆ.

ಅಜ್ಜಿಯ ತವರು ಕುಕನೂರು ಕಡೆಯ ಒಂದು ಹಳ್ಳಿ. ಇವತ್ತು ಅಣ್ಣಿಗೇರಿಯಿಂದ ರೈಲು ಹತ್ತಿದರೆ ಗದಗ ದಾಟಿ ಕೊಪ್ಪಳಕ್ಕೆ ಹೋಗಲು ಟಿಕೆಟ್ ಒಂದು ಸಾಕು, ಯಾವ ಗೆರೆಯೂ ಕಾಣುವುದಿಲ್ಲ. ಆಗ ಹಾಗಿರಲಿಲ್ಲ. ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು, 1947ರ ಆಗಸ್ಟ್ 15ಕ್ಕೆ ಇಲ್ಲಿ ಧ್ವಜ ಹಾರಿತು. ಗದಗಿನಿಂದ ಮುಂದೆ ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಎಲ್ಲ ರಾಯಚೂರು ಜಿಲ್ಲೆಯಾಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಉಳಿದವು. ಕಲಬುರಗಿ, ಬೀದರ್ ಕೂಡ. ಕಾಸಿಂ ರಜ್ವಿಯ ರಜಾಕಾರರ ಹಾವಳಿ ಹೆಚ್ಚಾದಾಗ ಗಡಿಯಾಚೆಯ ಜನ ಮಕ್ಕಳುಮರಿ ಕಟ್ಟಿಕೊಂಡು ಈ ಕಡೆ ಬಂದರು. ಅಂದು ನಮ್ಮ ಜಿಲ್ಲೆಯಲ್ಲೇ ಇದ್ದ ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದ್ದಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ ಮುಂದಾಳು. ಒಂಬತ್ತು ಹತ್ತು ವರ್ಷದ ಅಜ್ಜಿ ಚಕ್ಕಡಿಯಲ್ಲಿ ರಾತ್ರಿ ಪ್ರಯಾಣ ಮಾಡಿ ಈ ಕಡೆಯ ಸೋದರಮಾವನ ಮನೆ ಸೇರಿದ್ದಳು.

ಈ ಕತೆ ಸಣ್ಣವನಿದ್ದಾಗಿನಿಂದ ಕೇಳಿದ್ದೇನೆ. ನನಗೆ ಗೊತ್ತಿಲ್ಲದಿದ್ದದ್ದು ಏನೆಂದರೆ, ಹೈದರಾಬಾದಿಗೆ ಸೇನೆ ಕಳಿಸಬೇಡಿ ಎಂದು ಭಾರತವನ್ನು ತಡೆಯುತ್ತಿದ್ದ ಒಬ್ಬ ಮಿತ್ರ ಆಗಲೂ ಇದ್ದ. ನನ್ನ ಸಂದರ್ಶನದ ಪ್ರಶ್ನೆ ನಮ್ಮ ಬಾಗಿಲಲ್ಲೇ ಒಮ್ಮೆ ನಡೆದುಹೋಗಿತ್ತು.

ಆ ಮಿತ್ರ ಮೌಂಟ್‌ಬ್ಯಾಟನ್. ಅವರು ಸ್ವತಂತ್ರ ಭಾರತದ ಮೊದಲ ಗವರ್ನರ್ ಜನರಲ್, ಜೊತೆಗೆ ಬ್ರಿಟನ್ನಿನ ರಾಜಮನೆತನದವರು. ಕಾಶ್ಮೀರದಲ್ಲಿ ಆಗಲೇ ಯುದ್ಧ ನಡೆದಿತ್ತು. ಹೈದರಾಬಾದಿಗೆ ಸೇನೆ ನುಗ್ಗಿದರೆ ದೇಶದ ಉಳಿದ ಕಡೆ ಕೋಮುಗಲಭೆ ಹೊತ್ತಿಕೊಳ್ಳುತ್ತದೆ ಎಂಬುದು ಅವರ ಭಯ. ನೆಹರೂ ಅವರಿಗೂ ಆ ಅಳುಕು ಇತ್ತು. 1947ರ ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಆಯಿತು. ಆಮೇಲೆ ನಿಜಾಮರ ಪರ ವಕೀಲ ವಾಲ್ಟರ್ ಮಾಂಕ್ಟನ್ ದೆಹಲಿ ಹೈದರಾಬಾದ್ ನಡುವೆ ಓಡಾಡಿದ್ದೇ ಓಡಾಡಿದ್ದು. 1948ರ ಜೂನ್‌ನಲ್ಲಿ, ಹುದ್ದೆ ಬಿಟ್ಟು ಹೋಗುವ ಕೆಲವೇ ದಿನ ಮೊದಲು, ಮೌಂಟ್‌ಬ್ಯಾಟನ್ ಕೊನೆಯ ಕರಡು ಹಿಡಿದು ಡೆಹ್ರಾಡೂನಿಗೆ ಹೋದರು. ಹೃದಯಾಘಾತದ ನಂತರ ಸರ್ದಾರ್ ಪಟೇಲರು ಅಲ್ಲಿ ವಿಶ್ರಾಂತಿಯಲ್ಲಿದ್ದರು. ನಿಜಾಮರ ಸೇನೆಗೆ ಮಿತಿ, ರಜಾಕಾರರನ್ನು ಹಂತ ಹಂತವಾಗಿ ವಿಸರ್ಜಿಸುವುದು, ಜವಾಬ್ದಾರಿ ಸರ್ಕಾರದ ದಾರಿ, ಇಂಥವು ಅದರಲ್ಲಿದ್ದವು. ನಿಜಾಮರಿಗೆ ಬಹಳ ಸಡಿಲ ಕೊಟ್ಟ ಕರಡು. ಪಟೇಲರಿಗೆ ಅದು ಇಷ್ಟವಿರಲಿಲ್ಲ. ಆದರೂ ಹೊರಟು ನಿಂತ ಗೆಳೆಯನ ಮುಖ ನೋಡಿ ಒಪ್ಪಿದರು.

ತಡೆಯುವವನು ಗೆದ್ದ. ಉಕ್ಕಿನ ಮನುಷ್ಯನೇ ಬಗ್ಗಿದ. ಆದರೆ ಕರಡನ್ನು ಒಲ್ಲೆ ಅಂದವರು ನಿಜಾಮರು!

ನನಗೆ ಈ ತಿರುವು ರಫಾಕ್ಕಿಂತ ಹೆಚ್ಚು ಕಲಿಸಿತು. ಹೈದರಾಬಾದಿನ ದರ್ಬಾರು ಮೌಂಟ್‌ಬ್ಯಾಟನ್ನರ ತಡೆಯನ್ನು ತಪ್ಪಾಗಿ ಓದಿತ್ತು. ದೆಹಲಿಯ ಕೈ ಕಟ್ಟಿದೆ, ಬ್ರಿಟನ್ ಬಿಡುವುದಿಲ್ಲ, ಕಾಶ್ಮೀರದಲ್ಲಿ ಸಿಕ್ಕಿಕೊಂಡ ಭಾರತಕ್ಕೆ ಧೈರ್ಯ ಬರುವುದಿಲ್ಲ ಎಂದುಕೊಂಡಿತು. ರಜ್ವಿಯ ಭಾಷಣಗಳು ಇನ್ನಷ್ಟು ಏರಿದವು. ಅಂದರೆ ತಡೆಯುವ ಮಿತ್ರ ತನ್ನ ಗೆಳೆಯನಿಗೆ ಮಾತ್ರ ಮಾತಾಡಿದರೆ ಸಾಲದು. ‘ನಾನು ಹಿಡಿದಿರುವುದು ಇವತ್ತಿಗೆ ಮಾತ್ರ, ಇದನ್ನು ನಿನ್ನ ಗುರಾಣಿ ಅಂದುಕೊಳ್ಳಬೇಡ’ ಎಂದು ಎದುರಿನವನಿಗೂ ಅಷ್ಟೇ ಗಟ್ಟಿಯಾಗಿ ಹೇಳಬೇಕಿತ್ತು. ಹೇಳಿದ್ದರೂ ಆ ದರ್ಬಾರಿನ ಕಿವಿಗೆ ಅದು ಬಿದ್ದಂತಿಲ್ಲ.

ದೆಹಲಿಯಲ್ಲಿ ಕರಡುಗಳು ತಿದ್ದಿಸಿಕೊಳ್ಳುತ್ತಿದ್ದ ಅದೇ ತಿಂಗಳುಗಳಲ್ಲಿ ಈ ಕಡೆ ಏನಾಗುತ್ತಿತ್ತು? 1948ರ ಮೇನಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ಹತ್ಯಾಕಾಂಡ ನಡೆಯಿತು. ಅದೇ ತಿಂಗಳು ಕಲಬುರಗಿ ಜಿಲ್ಲೆಯ ಗಾಣಗಾಪುರ ನಿಲ್ದಾಣದಲ್ಲಿ ರೈಲಿನ ಮೇಲೆ ದಾಳಿ. ಅಜ್ಜಿಯ ಅವ್ವ ಗುಡ್ಡದ ಕಡೆ ದೀಪ ಕಂಡರೆ ಸಾಕು ಮಕ್ಕಳನ್ನು ಹಗೇವಿನಲ್ಲಿ ಇಳಿಸುತ್ತಿದ್ದಳಂತೆ. ‘ತಾಳ್ಮೆ’ ಎಂಬ ಶಬ್ದ ದೆಹಲಿಯಲ್ಲಿ ಒಂದು ಅರ್ಥ ಕೊಡುತ್ತದೆ, ಜೋಳದ ಹಗೇವಿನೊಳಗೆ ಕೂತ ಹುಡುಗಿಗೆ ಇನ್ನೊಂದು. ಹೀಗಾಗಿ ‘ಯುದ್ಧ ತಡೆದವನೇ ದೊಡ್ಡವನು’ ಎಂದು ಕಣ್ಣುಮುಚ್ಚಿ ಬರೆಯಲು ನನಗೆ ಮನಸ್ಸು ಬರುವುದಿಲ್ಲ. ತಡೆದ ಪ್ರತಿ ದಿನಕ್ಕೂ ಯಾರೋ ಬೆಲೆ ತೆರುತ್ತಿರುತ್ತಾರೆ, ಮತ್ತು ಅವರು ಮಾತುಕತೆಯ ಕೋಣೆಯಲ್ಲಿ ಇರುವುದಿಲ್ಲ.

ಜೂನ್ 21ಕ್ಕೆ ಮೌಂಟ್‌ಬ್ಯಾಟನ್ ಹೋದರು, ರಾಜಾಜಿ ಬಂದರು. ಭಾರತೀಯ ಸೇನೆಯ ದಂಡನಾಯಕ ಆಗಿನ್ನೂ ಬ್ರಿಟಿಷ್ ಅಧಿಕಾರಿ, ಜನರಲ್ ರಾಯ್ ಬುಚರ್. ಅವರಿಗೂ ಕಾರ್ಯಾಚರಣೆಯ ಬಗ್ಗೆ ಹಿಂಜರಿಕೆ ಇತ್ತು. ಆದರೆ ತಡೆಯಲು ಅವರ ಬಳಿ ವಾದ ಇತ್ತೇ ಹೊರತು ಬೇರೇನೂ ಇರಲಿಲ್ಲ. ಹೈದರಾಬಾದ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧುರಿ ನೇತೃತ್ವದ ಸೇನೆ ಸೊಲ್ಲಾಪುರದ ಕಡೆಯಿಂದ ನುಗ್ಗಿತು, ಇನ್ನೊಂದು ತುಕಡಿ ವಿಜಯವಾಡದ ಕಡೆಯಿಂದ. ಭದ್ರತಾ ಮಂಡಳಿ ಪ್ಯಾರಿಸ್ಸಿನಲ್ಲಿ ದೂರು ಕೈಗೆತ್ತಿಕೊಂಡದ್ದು 16ಕ್ಕೆ. 17ಕ್ಕೆ ನಿಜಾಮರು ಸೋಲೊಪ್ಪಿದರು. ಆ ದಿನವೇ ಇಂದು ಕಲ್ಯಾಣ ಕರ್ನಾಟಕ ಉತ್ಸವ. ಪರೀಕ್ಷೆಗೆ ನಾವು ಬಾಯಿಪಾಠ ಮಾಡುವುದೂ ಇಷ್ಟೇ: ಆಪರೇಷನ್ ಪೋಲೋ, ಐದು ದಿನ, ಪೊಲೀಸ್ ಕಾರ್ಯಾಚರಣೆ.

ಆರನೇ ದಿನದ ಬಗ್ಗೆ ಪ್ರಶ್ನೆ ಬರುವುದಿಲ್ಲ.

ಕಾರ್ಯಾಚರಣೆ ಮುಗಿದ ಮೇಲೆ ಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ಹಿಂಸೆ ನಡೆದ ಸುದ್ದಿಗಳು ದೆಹಲಿಗೆ ತಲುಪಿ, ನೆಹರೂ ಅವರೇ ಪಂಡಿತ್ ಸುಂದರಲಾಲ್ ಮತ್ತು ಇತರರ ಸಮಿತಿಯೊಂದನ್ನು ಕಳಿಸಿದರು. 1948ರ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಅವರು ಸಂಸ್ಥಾನ ಸುತ್ತಿದರು. ಅವರ ಅಂದಾಜಿನಲ್ಲಿ ಸತ್ತವರು ಕಡಿಮೆಯೆಂದರೂ 27,000ದಿಂದ 40,000. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವೇ, ಕಲಬುರಗಿ ಮತ್ತು ಬೀದರ್. ಉಳಿದೆರಡು ಉಸ್ಮಾನಾಬಾದ್, ನಾಂದೇಡ್. ತಮ್ಮ ಜೀವ ಒತ್ತೆಯಿಟ್ಟು ನೆರೆಯ ಮುಸ್ಲಿಮರನ್ನು ಕಾಪಾಡಿದ ಹಿಂದೂಗಳ ಉದಾಹರಣೆಗಳನ್ನೂ ಅದೇ ವರದಿ ದಾಖಲಿಸಿದೆ. ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಸಿಗಲಿಲ್ಲ.

ಇದನ್ನು ಬರೆದರೆ ಕೆಲವರು ‘ಹಾಗಾದರೆ ವಿಮೋಚನೆ ತಪ್ಪಾ?’ ಎಂದು ಕೇಳುತ್ತಾರೆ. ನಮ್ಮ ಲೈಬ್ರರಿಯ ಚಹಾದಂಗಡಿ ಮುಂದೆ ಒಬ್ಬ ಗೆಳೆಯ ಕೇಳಿಯೂ ಬಿಟ್ಟ. ತಪ್ಪಲ್ಲ. ನನ್ನ ಅಜ್ಜಿ ತವರಿಗೆ ಮರಳಿದ್ದು ಆ ಸೇನೆಯಿಂದ. ಆದರೆ ಹತ್ತು ತಿಂಗಳು ಒಂದು ಸೇನೆಯನ್ನು ತಡೆದು ನಿಲ್ಲಿಸಿದರಲ್ಲ, ಅಷ್ಟು ಹೊತ್ತು ವಾದ ನಡೆದದ್ದೆಲ್ಲ ‘ಹೋಗಬೇಕೋ ಬೇಡವೋ’ ಎಂಬುದರ ಮೇಲೆ. ಹೋದ ಮರುದಿನ ಹಳ್ಳಿಯ ಚಾವಡಿಯಲ್ಲಿ ಯಾರು ನಿಲ್ಲುತ್ತಾರೆ, ಸೇಡಿಗೆ ಕಾದು ಕೂತವನ ಕೈ ಯಾರು ಹಿಡಿಯುತ್ತಾರೆ ಎಂಬ ಪ್ರಶ್ನೆಗೆ ಸಿದ್ಧತೆ ಇದ್ದಿದ್ದರೆ ಆರನೇ ದಿನ ಹಾಗಿರುತ್ತಿರಲಿಲ್ಲ. ಕೋಮುಗಲಭೆ ಆಗುತ್ತದೆ ಎಂಬ ಮೌಂಟ್‌ಬ್ಯಾಟನ್ನರ ಭಯ ದೇಶದ ಉಳಿದ ಕಡೆಯ ಬಗ್ಗೆ ಸುಳ್ಳಾಯಿತು, ಸಂಸ್ಥಾನದ ಒಳಗೆ ನಿಜವಾಯಿತು.

ಈ ದೃಷ್ಟಿಯಿಂದ ನೋಡಿದರೆ ರಫಾದ ವಿಷಯದಲ್ಲಿ ಅಮೆರಿಕ ಕೇಳಿದ ಪ್ರಶ್ನೆ, ‘ಜನರನ್ನು ಕಾಪಾಡುವ ಯೋಜನೆ ಎಲ್ಲಿ?’ ಎಂಬುದು, ಸರಿಯಾದ ಪ್ರಶ್ನೆಯೇ. ಕೇಳಿದವರು ಉತ್ತರಕ್ಕೆ ಕಾಯಲಿಲ್ಲ ಎಂಬುದು ನನ್ನ ತಕರಾರು. ಉತ್ತರ ಬರುವ ತನಕ ಕೊಡಲಿ ಕೈಯಲ್ಲೇ ಇಟ್ಟುಕೊಳ್ಳಬೇಕಿತ್ತು.

ಇನ್ನು ನಮ್ಮ ದೇಶ. 2022ರ ಫೆಬ್ರುವರಿಯಲ್ಲಿ ನಮ್ಮ ಹಳೆಯ ಮಿತ್ರ ರಷ್ಯಾ ಉಕ್ರೇನಿನೊಳಗೆ ನುಗ್ಗಿತು. ಭದ್ರತಾ ಮಂಡಳಿಯ ಮತದಾನದಲ್ಲಿ ಭಾರತ ತಟಸ್ಥವಾಗಿ ಉಳಿಯಿತು. ಸೆಪ್ಟೆಂಬರ್‌ನಲ್ಲಿ ಸಮರಕಂದದಲ್ಲಿ ಪ್ರಧಾನಿ ಮೋದಿಯವರು ಇದು ಯುದ್ಧದ ಕಾಲವಲ್ಲ ಎಂದು ಪುಟಿನ್ ಎದುರಿಗೇ ಹೇಳಿದರು. ಅದು ಒಳ್ಳೆಯ ಮಾತು. ಯುದ್ಧಕ್ಕೆ ಆಗ ಏಳು ತಿಂಗಳು ತುಂಬುತ್ತಿತ್ತು. ಅಷ್ಟರೊಳಗೆ ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾಗಿದ್ದ. ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿ ನಮ್ಮ ಮೆಸ್ಸಿನ ಪಲ್ಯದ ಬಣ್ಣ ಬದಲಾಗಿತ್ತು. ಇಸ್ರೇಲಿನಲ್ಲಿ ಕಟ್ಟಡ ಕೆಲಸಕ್ಕೆ ತಿಂಗಳಿಗೆ ಲಕ್ಷಕ್ಕೂ ಹೆಚ್ಚು ಸಂಬಳ ಎಂಬ ಸುದ್ದಿ 2024ರಲ್ಲಿ ಮೊಬೈಲಿಗೆ ಬಂದಾಗ ನನ್ನ ಜೊತೆಗಾರನೊಬ್ಬ ರಾತ್ರಿಯಿಡೀ ಅದರ ಬಗ್ಗೆಯೇ ಮಾತಾಡಿದ. ಪಿಡಿಒ ಪರೀಕ್ಷೆಯ ತಾರೀಕಿಗೆ ಕಾದು ಕಾದು ಬೇಸತ್ತಿದ್ದ. ಹೀಗಿರುವಾಗ ಇಂಥ ಪ್ರಶ್ನೆಗಳು ನಮಗೆ ಸಂಬಂಧವಿಲ್ಲದವು ಎಂದು ಹೇಗೆ ಹೇಳಲಿ?

ನಾವು ರಷ್ಯಾದಿಂದ ಶಸ್ತ್ರ ಕೊಳ್ಳುವವರು, ಕೊಡುವವರಲ್ಲ. ಹಿಂತೆಗೆದುಕೊಳ್ಳಲು ನಮ್ಮ ಕೈಯಲ್ಲಿ ಏನಿದೆ ಎಂದು ಕೇಳಿದರೆ, ಬಹಳವೇನಿಲ್ಲ. ಅದನ್ನು ಒಪ್ಪಿಕೊಳ್ಳುವುದರಲ್ಲಿ ಅವಮಾನವೂ ಇಲ್ಲ. ಆದರೆ ಕಡಿಮೆ ಇದ್ದವನಿಗೆ ಇನ್ನೊಂದು ದಾರಿ ಇದೆ. ಕಳೆದ ಬೇಸಿಗೆಯಲ್ಲಿ ನಮ್ಮೂರಲ್ಲಿ ಅಣ್ಣತಮ್ಮಂದಿರ ನಡುವೆ ಬದುವಿನ ಜಗಳ ಬಂತು. ಅಣ್ಣನಿಗೆ ತಮ್ಮನ ಹೊಲದೊಳಗೆ ನಾಲ್ಕು ಮೊಳ ಟ್ರ್ಯಾಕ್ಟರ್ ಹಾಯಿಸಿಬಿಡುವ ಹಟ. ಟ್ರ್ಯಾಕ್ಟರ್ ಇದ್ದವರು ಅವನ ಬೀಗರು. ಅವರು ‘ತಪ್ಪು’ ಎಂದು ಭಾಷಣ ಮಾಡಲಿಲ್ಲ. ಗಾಡಿಯ ಕೀಲಿಯನ್ನು ಜೇಬಿನಲ್ಲಿ ಹಾಕಿಕೊಂಡು, ‘ನಾಳೆ ಮುಂಜಾನೆ ಇಬ್ಬರೂ ನವಲಗುಂದಕ್ಕ ಬರ್ರಿ, ಮೋಜಣಿಗೆ ಅರ್ಜಿ ಹಾಕೂಣು, ಫೀ ನಾ ಕೊಡ್ತೀನಿ’ ಅಂದರು. ತಮ್ಮನಿಗೂ ಅಷ್ಟೇ ಬಿರುಸಾಗಿ, ‘ನಾ ಅದೀನಿ ಅಂತ ನೀ ಬದು ಒಡೀಬ್ಯಾಡ, ಮೋಜಣಿ ಆದಮ್ಯಾಲ ನಾ ಅಡ್ಡ ಬರಂಗಿಲ್ಲ’ ಅಂದರು. ಸರ್ವೇಯರ್ ಬಂದು ಕಲ್ಲು ನೆಡುವ ದಿನವೂ ಅವರೇ ಬಂದು ಮಧ್ಯದಲ್ಲಿ ನಿಂತಿದ್ದರು, ಸಂಜೆಯವರೆಗೆ. ಜಗಳ ಪೂರ್ತಿ ಮುಗಿದಿದೆ ಎಂದು ಹೇಳಲಾರೆ, ಈಗಲೂ ಮಾತಿಲ್ಲ. ಆದರೆ ಇಬ್ಬರೂ ಆ ಹೊಲದಲ್ಲಿ ಈ ಸಲ ಹೆಸರು ಬಿತ್ತಿದ್ದಾರೆ.

ಮತ್ತೊಮ್ಮೆ ಆ ಸಂದರ್ಶನಕ್ಕೆ ಕೂತರೆ ನಾನು ಈ ಬೀಗರ ಕತೆಯನ್ನೇ ಹೇಳುತ್ತೇನೆ. ಅಂಕ ಎಷ್ಟು ಬರುತ್ತದೋ ಗೊತ್ತಿಲ್ಲ.

ಅಜ್ಜಿಗೆ ಕೊನೆಗೆ ಒಂದು ಪ್ರಶ್ನೆ ಕೇಳಿದೆ: ಸೇನೆ ಬಂದ ಮೇಲೆ ತವರಿಗೆ ಹೋದೆಯಲ್ಲ, ಊರು ಹೇಗಿತ್ತು? ಹಗೇವಿನ ಕತೆಯನ್ನು ನೂರು ಸಲ ಹೇಳಿದವಳು ಇದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಊರೇನೋ ಹಾಗೇ ಇತ್ತಂತೆ. ಇವರ ಮನೆಯ ತಗಡು ಯಾರೋ ಒಯ್ದಿದ್ದರಂತೆ. ಹಿತ್ತಲ ಆಚೆ ಒಂದು ಪಿಂಜಾರರ ಮನೆ, ಅಲ್ಲಿ ಆಕೆಯ ವಾರಿಗೆಯ ಹುಡುಗಿ ಇದ್ದಳಂತೆ, ಇಬ್ಬರೂ ಕೂಡಿ ಹುಣಸೆ ಬೀಜದ ಆಟ ಆಡುತ್ತಿದ್ದರು. ‘ಅವರ ಮನಿಗೆ ಕೀಲಿ ಹಾಕಿತ್ತು. ಎಲ್ಲಿ ಹ್ವಾದ್ರು ಅಂತ ನಾ ಅವ್ವನ್ನ ಕೇಳಿದೆ. ಅವ್ವ ನೀರು ತರಾಕ ಹೋದಳು.’